ಏಳು ಪಟ್ಟಿಯ ಕಮಾನು

ಆ ಶನಿವಾರ ಬೆಳಿಗ್ಗೆ ಇಂದುಮತಿ ಮನೆಯಿಂದ ಹೊರಟದ್ದು ಗಿಡಕ್ಕೆ ನೀರು ಬಿಡುವ ಪೈಪು ತರಲಿಕ್ಕೆ. ಟೆಕ್ಸಸ್ಸಿನ ಫ್ಲವರ್ ಮೌಂಡ್ ಊರಿನ ಅವರ ಬೀದಿಯ ಕೊನೆಯಲ್ಲಿ ಹೆನ್ಸ್ಲಿ ಆಂಟಿ ಮನೆ ಖಾಲಿ ಮಾಡುತ್ತಿದ್ದರು. ಗಂಡ ತೀರಿಕೊಂಡು ವರ್ಷವಾಗಿತ್ತು. ತಂಗಿಯ ಊರಿಗೆ ಹೋಗಿ ಇರುವುದೆಂದು ತೀರ್ಮಾನಿಸಿ, ಮನೆಯಲ್ಲಿದ್ದ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಮಾರಾಟಕ್ಕೆ ಕೂತಿದ್ದರು. ಪೈಪು ಗ್ಯಾರೇಜಿನ ಗೋಡೆಯ ಮೇಲಿದೆ, ಹೋಗಿ ತೆಗೆದುಕೋ ಎಂದರು. ಇಂದುಮತಿ ಒಳಗೆ ಹೋದಳು. ಪೈಪಿನ ಕೆಳಗೆ, ನಾಲ್ಕು ಸ್ಟ್ಯಾಂಡುಗಳ ಮೇಲೆ, ಒಂದು ಕಾರು ಕೂತಿತ್ತು.

1931ರ ಫೋರ್ಡ್. ಇಬ್ಬರು ಕೂರುವ ಪುಟ್ಟ ಕಾರು. ಬಣ್ಣವಿಲ್ಲದ ಬರಿ ತಗಡು, ಮೂತಿಯಲ್ಲಿ ಮಾತ್ರ ಎಂಟು ಸಿಲಿಂಡರಿನ ಭಾರಿ ಎಂಜಿನ್ನು. ಮುಂದಿನ ಚಕ್ರಗಳಿಲ್ಲ. ಎರಡು ಚಕ್ರಗಳನ್ನು ಕೂಡಿಸುವ ಮುಂದಿನ ಅಚ್ಚು ಬಿಚ್ಚಿ ನೆಲದ ಮೇಲೆ ಉರುಳಿಸಿಟ್ಟಿತ್ತು. ಇಲ್ಲಿಯ ಜನ ಇಂಥದ್ದಕ್ಕೆ ಹಾಟ್ ರಾಡ್ ಎನ್ನುತ್ತಾರೆ: ತಾತನ ಕಾಲದ ಗಾಡಿಗೆ ದೊಡ್ಡ ಎಂಜಿನ್ ಹಾಕಿ, ಎತ್ತರ ಇಳಿಸಿ, ವೇಗಕ್ಕೆ ಹದಗೊಳಿಸಿದ್ದು.

ಇಂದುಮತಿ ಸುಮ್ಮನೆ ಪೈಪು ತೆಗೆದುಕೊಂಡು ಬರಬಹುದಿತ್ತು. ಆದರೆ ಅವಳು ಕುಕ್ಕರಗಾಲಿನಲ್ಲಿ ಕೂತು, ಕತ್ತು ಓರೆಮಾಡಿ, ಕಾರಿನ ಹಿಂಬದಿಯ ಕೆಳಗೆ ನೋಡಿದಳು. ಅಲ್ಲಿ ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಸ್ಪ್ರಿಂಗು, ಕಮಾನು, ಕಂಡಿತು. ಲಾರಿಯಲ್ಲಾದರೆ ಎರಡು ಪಕ್ಕಕ್ಕೂ ಉದ್ದುದ್ದ ಒಂದೊಂದು ಕಮಾನು ಇರುತ್ತದೆ. ಇಲ್ಲಿ ಒಂದೇ ಕಮಾನು, ಅದೂ ಅಡ್ಡಡ್ಡ, ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ, ಬಿಲ್ಲು ಬಗ್ಗಿಸಿ ಮಲಗಿಸಿದ ಹಾಗೆ. ಇಂಥದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮೂವತ್ತು ವರ್ಷದಿಂದ ಮುಟ್ಟಿಯೇ ಇರದ ಒಂದು ಆಸೆ ಎದೆಯೊಳಗೆ ಎದ್ದು ಕೂತಿತು.

ಬೆಳಗಾವಿಯ ಪಿ.ಬಿ. ರೋಡಿನಲ್ಲಿ ಅವಳ ಅಪ್ಪ ಚನ್ನಮಲ್ಲಪ್ಪನ ಲಾರಿ ಕಮಾನಿನ ಅಂಗಡಿ ಇತ್ತು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬುತ್ತಿ ಒಯ್ಯುವುದು ಅವಳ ಕೆಲಸ. ಅಪ್ಪ ಉಂಡು ಡಬ್ಬಿ ತೊಳೆದು ಕೊಡುವವರೆಗೆ ಅಂಗಡಿಯಲ್ಲಿ ನಿಂತಿರುತ್ತಿದ್ದಳು. ಕೆಂಪಗೆ ಕಾಯ್ದ ಪಟ್ಟಿ ಒಲೆಯಿಂದ ಹೊರಬಂದಾಗ ಅವಳ ಮುಖವೂ ಕೆಂಪಾಗುತ್ತಿತ್ತು. ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ನಾದ ಕೇಳುವುದನ್ನು ಅಪ್ಪನೇ ಕಲಿಸಿದ. "ಕೇಳ ಇಂದವ್ವ, ಗಟ್ಟಿ ಪಟ್ಟಿ ಗಂಟಿ ಹೊಡದಂಗ ಹಾಡತೈತಿ, ಸೀಳಿದ್ದು ಕೆಮ್ಮತೈತಿ" ಎನ್ನುತ್ತಿದ್ದ. ಆದರೆ ಸುತ್ತಿಗೆಯಿಂದಾಚೆ ಒಲೆಯ ಹತ್ತಿರ ಬಿಡಲಿಲ್ಲ. ಅದು ಗಂಡಸರ ಕೆಲಸ. ಅವಳು ಹಟ ಹಿಡಿದು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದಳು. ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಎರಡು ವರ್ಷ ಗೆರೆ ಎಳೆದಳು. ಅಷ್ಟರಲ್ಲಿ ಅಲ್ಲಿಗೆ ಕೆಲಸಕ್ಕೆ ಬಂದಿದ್ದ ಮೈಸೂರಿನ ಮೋಹನರಾಜನ ಜೊತೆ ಮದುವೆಯಾಯಿತು, ಟೆಕ್ಸಸ್ಸಿಗೆ ಬಂದದ್ದಾಯಿತು, ಮಗಳು ಅನಘಾ ಹುಟ್ಟಿದ್ದಾಯಿತು. ಆ ಶನಿವಾರದ ಹೊತ್ತಿಗೆ ಐವತ್ಮೂರರ ಇಂದುಮತಿ ಪ್ಲೇನೋದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಿದ್ದಳು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದರಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು.

"ನಮ್ಮವರು ಎಂಜಿನ್ ಮಾಡೋದರಲ್ಲೇ ಹನ್ನೊಂದು ವರ್ಷ ಕಳೆದರು," ಎಂದು ಹೆನ್ಸ್ಲಿ ಆಂಟಿ ಬಾಗಿಲಲ್ಲಿ ನಿಂತು ಹೇಳಿದರು. "ಅಡಿಭಾಗ ಮುಟ್ಟೋ ಹೊತ್ತಿಗೆ ಹೋಗಿಬಿಟ್ಟರು. ನಿನಗೆ ಇದರ ಬಗ್ಗೆ ಗೊತ್ತಾ?"

"ಎಂಜಿನ್ ಗೊತ್ತಿಲ್ಲ. ಅಡಿಭಾಗ ಗೊತ್ತು," ಎಂದಳು ಇಂದುಮತಿ. ಅಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಸಂಜೆಯ ಹೊತ್ತಿಗೆ ಅವಳು ಕೊಂಡುಬಿಟ್ಟ ಕಾರು ಟ್ರೈಲರಿನ ಮೇಲೆ ಏರಿ, ಆರು ಮನೆ ದಾಟಿ, ಇವರ ಗ್ಯಾರೇಜಿಗೆ ಬಂತು. ಪೈಪು ತರುವುದನ್ನು ಮರೆತಿದ್ದಳು. ಮೋಹನರಾಜ ಕಾರನ್ನು ಒಂದು ಸುತ್ತು ಹಾಕಿ ನೋಡಿದ.

"ಇಂದು, ಇದಕ್ಕೆ ಮುಂದಿನ ಚಕ್ರಾನೇ ಇಲ್ಲವಲ್ಲೇ."

"ಅದಕ್ಕ ತಂದೇನ್ರಿ. ಮುಂದಿಂದೆಲ್ಲಾ ನಾನ ಮಾಡ್ತೀನಿ."

"ರೆಡಿಮೇಡ್ ಕಿಟ್ ಸಿಗುತ್ತಂತೆ. ಆರ್ಡರ್ ಮಾಡಿದ್ರೆ ವಾರದಲ್ಲಿ ಬರುತ್ತೆ."

"ಸಿಗ್ತದ. ನನಗ ಬ್ಯಾಡ."

ಆ ದನಿ ಅವನಿಗೆ ಗೊತ್ತಿತ್ತು. ತನ್ನ ಕಾರನ್ನು ಗ್ಯಾರೇಜಿನಿಂದ ತೆಗೆದು ಹೊರಗೆ ನಿಲ್ಲಿಸಿದ. ಮುಂದಿನ ತಿಂಗಳು ಆಲಿಕಲ್ಲು ಮಳೆ ಬಂದು ಅದರ ಬಾನೆಟ್ಟು ಇಡ್ಲಿ ತಟ್ಟೆಯ ಹಾಗಾಯಿತು. ಅವನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದು ಸಲ ದೀರ್ಘವಾಗಿ ಉಸಿರುಬಿಟ್ಟ, ಅಷ್ಟೆ.

ಇಂದುಮತಿ ಮೊದಲು ಮಾಡಿದ್ದು ಅಳತೆ. ಎರಡು ವಾರ ಬರಿ ಅಳತೆ. ಆಫೀಸಿನಿಂದ ಬಂದವಳೇ ಚೂಡಿದಾರದ ಮೇಲೆ ಮೋಹನರಾಜನ ಹಳೆಯ ಶರ್ಟು ಏರಿಸಿ ನೆಲದ ಮೇಲೆ ಮಲಗುತ್ತಿದ್ದಳು. ಬೇಕಾದದ್ದು ಮುಖ್ಯವಾಗಿ ಎರಡು ವಸ್ತು. ಒಂದು, ಮುಂದಿನ ಕಮಾನು: ಕಾರಿನ ಭಾರ ಹೊರುವುದು. ಇನ್ನೊಂದು, ಅಚ್ಚು ಹಿಂದೆ ಮುಂದೆ ಸರಿಯದಂತೆ, ಮಗುಚದಂತೆ ಎರಡೂ ಕಡೆಯಿಂದ ಹಿಡಿದುಕೊಳ್ಳುವ ಸರಳುಗಳು. ಒಂದೊಂದು ಸರಳಿಗೂ ಎರಡು ಕಾಲು. ಮುಂದೆ ಅಗಲ, ಹಿಂದೆ ಹೋಗುತ್ತ ಕೂಡಿಕೊಳ್ಳುತ್ತವೆ. ನೋಡಲಿಕ್ಕೆ ತಲೆಗೆ ಸಿಕ್ಕಿಸುವ ಹೇರ್‌ಪಿನ್ನಿನ ಹಾಗಿರುವುದರಿಂದ ಅದರ ಹೆಸರೂ ಹೇರ್‌ಪಿನ್ನೇ. ಆ ಹೆಸರು ಕೇಳಿ ಇಂದುಮತಿಗೆ ಖುಷಿಯಾಯಿತು. ಗಂಡಸರು ಇಟ್ಟ ಹೆಸರುಗಳಲ್ಲಿ ಇದೊಂದು ತನ್ನ ಕಡೆಯದು ಅನ್ನಿಸಿತು.

ವೆಲ್ಡಿಂಗ್ ಕಲಿಯಲು ಹತ್ತಿರದ ಕಾಲೇಜಿನ ಸಂಜೆ ತರಗತಿಗೆ ಸೇರಿದಳು. ಹದಿನಾಲ್ಕು ಜನರಲ್ಲಿ ಅವಳೊಬ್ಬಳೇ ಹೆಂಗಸು, ಅವಳೇ ಎಲ್ಲರಿಗಿಂತ ಹಿರಿಯಳು. ಮೊದಲ ವಾರ ಕಬ್ಬಿಣಕ್ಕಿಂತ ಹೆಚ್ಚು ಕೈಗವಸು ಸುಟ್ಟಳು. ಆರನೆಯ ವಾರಕ್ಕೆ ಗೆರೆ ನೇರವಾಯಿತು. ಹತ್ತನೆಯ ವಾರಕ್ಕೆ, ಒಂದರ ಮೇಲೊಂದು ನಾಣ್ಯ ಜೋಡಿಸಿ ಓರೆಗೆ ಒರಗಿಸಿದ ಹಾಗೆ ಸಾಲು ಬೀಳತೊಡಗಿತು. ಆ ತುಂಡನ್ನು ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು. ಕುಕ್ಕರಿನ ಸೀಟಿ ಎಣಿಸುವಾಗ ಅದನ್ನೇ ನೋಡುತ್ತಿದ್ದಳು.

ಹೇರ್‌ಪಿನ್ನುಗಳು ಆದವು. ಕಮಾನು ಮಾತ್ರ ಮನೆಯಲ್ಲಿ ಆಗುವಂಥದ್ದಲ್ಲ. ಪಟ್ಟಿಯನ್ನು ಕಾಯಿಸಿ, ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಬೇಕು. ಅದಕ್ಕೆ ದೊಡ್ಡ ಒಲೆ ಬೇಕು. ಸುತ್ತಮುತ್ತಲ ಕಮಾನಿನ ಅಂಗಡಿಗಳಿಗೆಲ್ಲ ಫೋನ್ ಮಾಡಿದಳು. ಅಳತೆ ಕೊಡಿ, ನಾವೇ ಮಾಡಿ ಕೊಡುತ್ತೇವೆ ಎಂದರು ಎಲ್ಲರೂ. ನಾನೇ ಮಾಡಬೇಕು, ನಿಮ್ಮ ಒಲೆ ಬೇಕು ಎಂದರೆ ನಕ್ಕು ಫೋನ್ ಇಡುತ್ತಿದ್ದರು. ಹ್ಯೂಸ್ಟನ್ನಿನ ಒಬ್ಬ ಮುದುಕ ಮಾತ್ರ ನಗಲಿಲ್ಲ. "ಶನಿವಾರ ಎಂಟು ಗಂಟೆಗೆ ಬಾ. ಉದ್ದ ತೋಳಿನ ಬಟ್ಟೆ ಹಾಕ್ಕೊಂಡು ಬಾ, ಹತ್ತಿಯದು," ಎಂದರು.

ಅವರ ಹೆಸರು ಬೆನಿತೊ ಸಲಾಸ್. ಎಪ್ಪತ್ತಾರು ವರ್ಷ. ಬಂದರಿನ ಕಡೆ, ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯಲ್ಲಿ ತಗಡಿನ ಶೆಡ್ಡು. ಇಂದುಮತಿ ನಸುಕಿನಲ್ಲೇ ಹೊರಟು, ನಾಲ್ಕು ಗಂಟೆ ಡ್ರೈವ್ ಮಾಡಿ ಅಲ್ಲಿಗೆ ತಲುಪಿದಳು. ಕಾರಿನಿಂದ ಇಳಿಯುವಾಗಲೇ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅವಳು ಅಲ್ಲೇ ನಿಂತು ಒಮ್ಮೆ ಎದೆ ತುಂಬ ಎಳೆದುಕೊಂಡಳು. ಅಪ್ಪನ ಅಂಗಿಯ ವಾಸನೆ ಅದು.

ಬೆನಿತೊ ನಮಸ್ಕಾರಕ್ಕೆ ಮುಂಚೆ ಅವಳ ಕೈಗೆ ಸುತ್ತಿಗೆ ಕೊಟ್ಟರು. ಬೆಂಚಿನ ಮೇಲೆ ಮೂರು ಹಳೆಯ ಪಟ್ಟಿಗಳಿದ್ದವು.

"ಇದರಲ್ಲಿ ಒಂದು ಕೆಟ್ಟಿದೆ. ಯಾವುದು?"

ಅವಳು ಒಂದೊಂದನ್ನೇ ಎತ್ತಿ, ಹಗ್ಗದ ತುಂಡಿನಲ್ಲಿ ತೂಗುಬಿಟ್ಟು, ಮೆಲ್ಲನೆ ಬಡಿದಳು. ಮೊದಲನೆಯದು ಹಾಡಿತು. ಎರಡನೆಯದು ಕೆಮ್ಮಿತು. ಮೂರನೆಯದನ್ನು ಬಡಿಯುವ ಅಗತ್ಯವಿರಲಿಲ್ಲ, ಆದರೂ ಬಡಿದಳು.

"ನಡುವಿನದು."

"ಎಲ್ಲಿ ಕಲಿತೆ?"

"ನನ್ನ ಅಪ್ಪನ ಹತ್ತಿರ. ಲಾರಿ ಕಮಾನು ಮಾಡ್ತಿದ್ದರು."

ಬೆನಿತೊ ತಲೆಯಾಡಿಸಿ ಒಲೆಯ ಕಡೆ ನಡೆದರು. ಆಗಲೇ ಹಚ್ಚಿಟ್ಟಿದ್ದರು. ಅವಳು ಬರುವುದು ಖಂಡಿತ ಎಂದು ಅವರಿಗೆ ಹೇಗೆ ಗೊತ್ತಿತ್ತೋ.

ಅವತ್ತಿನ ದಿನವನ್ನು ಇಂದುಮತಿ ಈಗಲೂ ಗಂಟೆಗಂಟೆಯ ಲೆಕ್ಕದಲ್ಲಿ ಹೇಳಬಲ್ಲಳು. ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ಬಾಗಿನ ನಮೂನೆಯನ್ನು ನೆಲದ ಮೇಲೆ ಇಟ್ಟು, ಬೆನಿತೊ ಅದನ್ನು ಪಟ್ಟಿ ಬಗ್ಗಿಸುವ ಕಬ್ಬಿಣದ ಅಚ್ಚಿಗೆ ಹೊಂದಿಸಿದರು. ಏಳು ಪಟ್ಟಿ, ಕೆಳಗಿನದು ಎಲ್ಲಕ್ಕಿಂತ ಉದ್ದ, ಮೇಲೆ ಹೋಗುತ್ತ ಗಿಡ್ಡ. ಉದ್ದನೆಯ ಪಟ್ಟಿಯ ಎರಡು ತುದಿಗೂ ಸುರುಳಿ ಸುತ್ತಿ ಕಣ್ಣು ಮಾಡಬೇಕು. ಆ ಕೆಲಸ ಮಾತ್ರ ತಮ್ಮದು ಎಂದರು. ನಲವತ್ತು ವರ್ಷ ಪಳಗಿದ ಕೈ ಬೇಕು ಅದಕ್ಕೆ. ಉಳಿದದ್ದೆಲ್ಲ ಅವಳದ್ದು.

ಮೊದಲ ಪಟ್ಟಿ ಒಲೆಯಿಂದ ಕಿತ್ತಳೆಯ ಬಣ್ಣದಲ್ಲಿ ಹೊರಬಂತು. ಇಕ್ಕಳದಲ್ಲಿ ಹಿಡಿದರೆ ಮೆತ್ತಗೆ ತೂಗುತ್ತಿತ್ತು, ಕಬ್ಬಿಣವೇ ಅಲ್ಲ ಅನ್ನುವ ಹಾಗೆ. ಅಚ್ಚಿನ ಮೇಲೆ ಒತ್ತಿ, ಬಾಗಿಸಿ, ಬಣ್ಣ ಇಳಿಯುವ ಮುಂಚೆ ಎಣ್ಣೆಗೆ ಅದ್ದಬೇಕು. ಅವಳ ಕೈ ತಡವಾಯಿತು. ಪಟ್ಟಿ ಮಂಕಾಯಿತು.

"ಮತ್ತೆ ಒಳಗೆ ಹಾಕು," ಎಂದರು ಬೆನಿತೊ. "ಯೋಚನೆ ಮಾಡಬೇಡ. ನೋಡು, ಒತ್ತು, ಅದ್ದು."

ಎರಡನೆಯ ಸಲ ಎಣ್ಣೆಯಿಂದ ಬೆಂಕಿ ಭಗ್ಗನೆ ಎದ್ದು, ಹೊಗೆ ಶೆಡ್ಡಿನ ಮಾಡಿಗೆ ಮುಟ್ಟಿತು. ಎಣ್ಣೆಯೊಳಗೆ ಪಟ್ಟಿ ನಡುಗುವುದು ಇಕ್ಕಳದ ಮೂಲಕ ಅವಳ ಮೊಣಕೈವರೆಗೆ ತಿಳಿಯಿತು. ಅವಳು ನಗುತ್ತಿದ್ದಳು. ಮುಖದ ಮೇಲೆ ಕಪ್ಪು, ಕಣ್ಣಲ್ಲಿ ನೀರು, ಆದರೂ ನಗು. ಮೂರನೆಯ ಪಟ್ಟಿಯ ಹೊತ್ತಿಗೆ ಬೆನಿತೊ ಹೇಳುವುದನ್ನು ನಿಲ್ಲಿಸಿದರು. ಐದನೆಯದಕ್ಕೆ ಒಂದು ಸ್ಟೂಲು ಎಳೆದುಕೊಂಡು ಕೂತರು. ಮಧ್ಯಾಹ್ನ ಅವಳು ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಬ್ಬರೂ ತಿಂದರು. ಬೆನಿತೊ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನೂ ಕೈಯಲ್ಲೇ ತಟ್ಟಿದ್ದಾ?" ಎಂದು ಕೇಳಿದರು.

ಇಷ್ಟೆಲ್ಲ ಚೆನ್ನಾಗಿ ನಡೆದ ಮೇಲೆ, ಹೆಮ್ಮೆಯಿಂದ, ಡಿಕ್ಕಿಯಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಹೇರ್‌ಪಿನ್ನುಗಳನ್ನು ತಂದು ತೋರಿಸಿದಳು. ಬೆನಿತೊ ಕನ್ನಡಕ ಏರಿಸಿ ವೆಲ್ಡಿಂಗಿನ ಸಾಲನ್ನು ಬೆರಳಿನಿಂದ ಸವರಿದರು.

"ಚಂದ ಇದೆ. ಒಂದನ್ನು ಕತ್ತರಿಸಲಾ?"

ಅದು ಅವಳ ಮೂರು ವಾರದ ಕೆಲಸ. ಆದರೂ ತಲೆಯಾಡಿಸಿದಳು. ಗರಗಸ ವೆಲ್ಡಿಂಗಿನ ನಡುವೆಯೇ ಹಾದುಹೋಯಿತು. ಕತ್ತರಿಸಿದ ಮುಖವನ್ನು ಬೆನಿತೊ ಅವಳ ಕಡೆ ತಿರುಗಿಸಿದರು. ಮೇಲೆ ನಾಣ್ಯದ ಸಾಲು ಥಳಥಳ. ಒಳಗೆ, ಬುಡದಲ್ಲಿ, ಎರಡು ಕಬ್ಬಿಣದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಬೆಸೆದೇ ಇರಲಿಲ್ಲ.

"ಇದು ರಸ್ತೆಯ ಮೇಲೆ ಬಿಟ್ಟುಕೊಂಡರೆ ಚಕ್ರ ಬೇರೆ ದಾರಿ ಹಿಡಿಯುತ್ತೆ, ನೀನು ಬೇರೆ ದಾರಿ," ಎಂದರು. ಬೈಯಲಿಲ್ಲ. ಅದೇ ಹೆಚ್ಚು ನಾಟಿತು.

ವಾಪಸು ಬರುವಾಗ ಕಮಾನು ಹಿಂದಿನ ಸೀಟಿನಲ್ಲಿತ್ತು, ಕತ್ತರಿಸಿದ ತುಂಡು ಪಕ್ಕದ ಸೀಟಿನಲ್ಲಿ. ಇಪ್ಪತ್ತು ವರ್ಷದಿಂದ ಊರವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು ತನ್ನ ತಪ್ಪನ್ನು ಕಿಟಕಿಯಲ್ಲಿಟ್ಟು ಮೆಚ್ಚಿಕೊಂಡಿದ್ದಳು. ಅವಮಾನ ದಾರಿಯಲ್ಲಿ ಸಿಗುವ ಹಂಟ್ಸ್‌ವಿಲ್‌ವರೆಗೆ ಇತ್ತು. ಅಲ್ಲಿಂದ ಮುಂದೆ ಅದು ಹುರುಪಾಗಿ ತಿರುಗಿತು. ಬೆಸುಗೆ ಬುಡಕ್ಕೆ ಇಳಿಯಲು ಅಂಚು ಓರೆ ಮಾಡಿ ಉಜ್ಜಬೇಕಿತ್ತು, ಸಂದು ಬಿಡಬೇಕಿತ್ತು, ಉರಿ ಹೆಚ್ಚಿಸಬೇಕಿತ್ತು. ಮನೆ ತಲುಪುವ ಹೊತ್ತಿಗೆ ಹೊಸ ಹೇರ್‌ಪಿನ್ನು ತಲೆಯಲ್ಲಿ ಆಗಿಹೋಗಿತ್ತು.

ಆ ಮೇಲೆ ಒಂದೊಂದು ಜೋಡಣೆಗೂ ಮೊದಲು ಅದೇ ಥರದ ತುಂಡುಗಳನ್ನು ಬೆಸೆದು, ಕತ್ತರಿಸಿ ನೋಡಿದಳು. ಒಂದು, ಎರಡು, ಐದು, ಒಂಬತ್ತು. ಹತ್ತನೆಯದರಲ್ಲಿ ಗೆರೆ ಕಾಣಲಿಲ್ಲ. ಹನ್ನೊಂದು, ಹನ್ನೆರಡರಲ್ಲೂ ಕಾಣಲಿಲ್ಲ. ಆಗ ಮಾತ್ರ ನಿಜವಾದದ್ದಕ್ಕೆ ಕೈಹಾಕಿದಳು. ಹೊಸ ಜೋಡಿಯನ್ನು ಹೊತ್ತು ಮತ್ತೆ ಹ್ಯೂಸ್ಟನ್ನಿಗೆ ಹೋದಳು. ಬೆನಿತೊ ಈ ಸಲ ಬಿರುಕು ತೋರಿಸುವ ಬಣ್ಣದ ದ್ರವ ಸಿಂಪಡಿಸಿ, ಒರೆಸಿ, ಮತ್ತೊಂದು ಸಿಂಪಡಿಸಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲೂ ಕೆಂಪು ಗೆರೆ ಏಳಲಿಲ್ಲ. ಆ ಮೇಲೆ, ಅವಳ ಕಾಗದದ ಮೇಲಿದ್ದ ಹಳೆಯ ಅಳತೆಗಳನ್ನು ಇಟ್ಟುಕೊಂಡು, ಪ್ರತಿ ಜೋಡಣೆಯ ದಪ್ಪವನ್ನೂ ಒಂದು ಸಲ ತಾಳೆ ನೋಡಿ, "ಹಾಕು," ಎಂದರು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾರು ಮೊದಲ ಸಲ ತನ್ನ ನಾಲ್ಕು ಚಕ್ರದ ಮೇಲೆ ಇಳಿಯಿತು. ಜಾಕು ಇಳಿಸುತ್ತಿದ್ದಂತೆ ಏಳು ಪಟ್ಟಿಗಳು ಒಂದರ ಮೇಲೊಂದು ಸರಿದು, ಮೆಲ್ಲನೆ ಭಾರ ಹೊತ್ತುಕೊಂಡವು. ಮೋಹನರಾಜ ಬಂದು ಮೂತಿಯ ಮೇಲೆ ಕೈಯಿಟ್ಟು ಒತ್ತಿದ. ಕಾರು ತಗ್ಗಿತು, ಎದ್ದಿತು, ನಿಂತಿತು.

"ಇದು ನೀನು ಮಾಡಿದ್ದಾ?" ಎಂದ. ಹತ್ತು ತಿಂಗಳು ಅದೇ ಮನೆಯಲ್ಲಿದ್ದು ಅದನ್ನೇ ನೋಡಿದವನು.

"ನೀವೂ ಹತ್ರಿ. ಒಂದು ಸುತ್ತು ಹೋಗಿ ಬರೂಣು."

ಬೀದಿಯಲ್ಲಿ ಸೊಗಸಾಗಿ ಹೋಯಿತು. ದೊಡ್ಡ ರಸ್ತೆಗೆ ಬಂದು ಗಂಟೆಗೆ ನಲವತ್ತು ಮೈಲಿ ಮುಟ್ಟಿದಾಗ ರಸ್ತೆಯ ತೇಪೆಯೊಂದರ ಮೇಲೆ ಎಡಗಾಲಿ ಹತ್ತಿ ಇಳಿಯಿತು. ತಕ್ಷಣ ಸ್ಟೀರಿಂಗು ಅವಳ ಕೈಯಲ್ಲಿ ಒದ್ದಾಡತೊಡಗಿತು. ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಹುಚ್ಚು ಹಿಡಿದ ಹಾಗೆ ಬಡಿದಾಡಿದವು, ಇಡೀ ಕಾರು ಕುಲುಕಿತು, ಮೋಹನರಾಜನ ಕನ್ನಡಕ ಮಡಿಲಿಗೆ ಬಿತ್ತು. ಇಂದುಮತಿ ಬ್ರೇಕು ತುಳಿದು ಹಾಕಲಿಲ್ಲ. ವೇಗ ಬಿಟ್ಟು, ಸ್ಟೀರಿಂಗು ಗಟ್ಟಿ ಹಿಡಿದು, ನಿಧಾನವಾಗಿ ಹುಲ್ಲಿನಂಚಿಗೆ ತಂದು ನಿಲ್ಲಿಸಿದಳು. ಮೋಹನರಾಜ ಮಡಿಲಿನಿಂದ ಕನ್ನಡಕ ಎತ್ತಿ ಹಾಕಿಕೊಂಡ.

"ಇಂದು," ಎಂದ ಕೊನೆಗೆ ಮೋಹನರಾಜ, "ನನಗೆ ಹೆದರಿಕೆ ಆಯ್ತು ಕಣೆ."

"ನನಗೂ ಆತ್ರಿ."

ಇಳಿದು ಮಲಗಿ ಕೆಳಗೆ ನೋಡಿದಳು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ, ಒಂದು ಬೋಲ್ಟೂ ಸಡಿಲವಾಗಿರಲಿಲ್ಲ. ಹಾಗಾದರೆ ಏನು? ಮನೆವರೆಗೆ ಹದಿನೈದು ಮೈಲಿ ವೇಗದಲ್ಲಿ ತೆವಳಿಸಿಕೊಂಡು ಬಂದು, ಕಾರನ್ನು ಪಕ್ಕದಿಂದ ದಿಟ್ಟಿಸುತ್ತ ನಿಂತಳು. ಅರ್ಧ ಗಂಟೆ ಹಾಗೇ ನಿಂತವಳು ಇದ್ದಕ್ಕಿದ್ದಂತೆ ಹಣೆಗೆ ಕೈ ಹೊಡೆದುಕೊಂಡಳು.

ಸೈಕಲ್ಲಿನ ಮುಂದಿನ ಫೋರ್ಕು ನೋಡಿ: ನೆಟ್ಟಗಿರುವುದಿಲ್ಲ, ಅದರ ಮೇಲ್ತುದಿ ಸವಾರನ ಕಡೆಗೆ ಒರಗಿರುತ್ತದೆ. ಆ ಒರಗುವಿಕೆಯಿಂದಲೇ ಚಕ್ರ ತಾನಾಗಿ ನೇರಕ್ಕೆ ಬರುವುದು. ಕಾರಿನ ಅಚ್ಚಿಗೂ ಅಂಥ ಓರೆ ಬೇಕು. ಅವಳು ಆರು ಡಿಗ್ರಿ ಇಟ್ಟಿದ್ದಳು, ಸರಿಯಾಗಿಯೇ ಇಟ್ಟಿದ್ದಳು. ಆದರೆ ಆಗ ಕಾರು ಸ್ಟ್ಯಾಂಡಿನ ಮೇಲೆ ಮಟ್ಟಸವಾಗಿ ಕೂತಿತ್ತು. ನೆಲಕ್ಕೆ ಇಳಿದ ಮೇಲೆ ಮೂತಿ ತಗ್ಗಿ, ಹಿಂಭಾಗ ಎದ್ದಿತು. ಕಾರಿನ ಜೊತೆ ಅಚ್ಚೂ ಮುಂದಕ್ಕೆ ವಾಲಿ, ಆರು ಡಿಗ್ರಿಯಲ್ಲಿ ನಾಲ್ಕು ಕರಗಿಹೋಗಿತ್ತು.

"ಎರಡ ಉಳದೈತ್ರಿ," ಎಂದು ಒಳಗೆ ಓಡಿ ಬಂದು ಹೇಳಿದಳು. ಚಹಾ ಕುಡಿಯುತ್ತಿದ್ದ ಮೋಹನರಾಜನಿಗೆ ಏನು ಎರಡು ಉಳಿದದ್ದು ಎಂದು ತಿಳಿಯಲಿಲ್ಲ. ಅವಳ ಮುಖ ನೋಡಿ ಒಳ್ಳೆಯ ಸುದ್ದಿ ಎಂದುಕೊಂಡ.

ಹೇರ್‌ಪಿನ್ನಿನ ತುದಿಗಳಿಗೆ ಅವಳು ತಿರುಪು ಇಟ್ಟಿದ್ದು ಒಳ್ಳೆಯದಾಯಿತು. ಮೇಲಿನ ಕಾಲುಗಳನ್ನು ತಿರುಗಿಸಿ ಗಿಡ್ಡ ಮಾಡಿ, ಕೆಳಗಿನವನ್ನು ಉದ್ದ ಮಾಡಿದಳು. ಅಚ್ಚು ಹಿಂದಕ್ಕೆ ಒರಗಿತು. ನೆಲದ ಮೇಲೆ ನಿಂತ ಕಾರಿನಲ್ಲಿ ಅಳೆದಳು: ಆರೂವರೆ. ಮಧ್ಯಾಹ್ನ ಒಬ್ಬಳೇ ಅದೇ ರಸ್ತೆಗೆ ಹೋಗಿ, ಅದೇ ತೇಪೆಯ ಮೇಲೆ, ಮೂವತ್ತು, ಮೂವತ್ತೈದು, ನಲವತ್ತು, ಐವತ್ತರಲ್ಲಿ ಹಾಯ್ದಳು. ಚಕ್ರ ಒಮ್ಮೆ ಜಿಗಿದು ಮತ್ತೆ ನೇರಕ್ಕೆ ಬಂತು. ಏಳು ಸಲ ಹಾಯ್ದಳು. ಆರನೆಯದು, ಏಳನೆಯದು ಪರೀಕ್ಷೆಗಲ್ಲ, ಸುಮ್ಮನೆ ಸಂತೋಷಕ್ಕೆ.

ಏಪ್ರಿಲ್‌ನಲ್ಲಿ ಆಸ್ಟಿನ್ನಿನ ಒಂದು ಪಾರ್ಕಿನಲ್ಲಿ ಹಳೆಯ ಕಾರುಗಳ ಕೂಟ ಇತ್ತು. ಗಂಡ ಹೆಂಡತಿ ಇಬ್ಬರೂ ದೊಡ್ಡ ಹೈವೇ ಬಿಟ್ಟು, ಹೈಕೊ, ಹ್ಯಾಮಿಲ್ಟನ್, ಲ್ಯಾಂಪಾಸಸ್ ಊರುಗಳ ಮೇಲೆ ಹೋದರು. ದಾರಿಯುದ್ದ ಎರಡು ಪಕ್ಕಕ್ಕೂ ನೀಲಿ ಹೂವಿನ ಹಾಸು, ಏರು, ಇಳಿಜಾರು, ತಿರುವು. ಎಂಜಿನ್ನಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮೋಹನರಾಜ ಪ್ರತಿ ತಿರುವಿಗೂ ಬಾಗಿಲು ಹಿಡಿದುಕೊಳ್ಳುತ್ತಿದ್ದವನು ಹ್ಯಾಮಿಲ್ಟನ್ ದಾಟಿದ ಮೇಲೆ ಕೈಬಿಟ್ಟ.

ಮಗಳು ಅನಘಾ ಆಸ್ಟಿನ್ನಿನ ದ ಡೊಮೇನ್ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ದಾರಿಯಲ್ಲಿ ಅಲ್ಲಿ ನಿಂತರು. ಕೆಳಗೆ ಬಂದು ಕಾರು ನೋಡಿದವಳು ಮೊದಲು ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದಳು. ಕಿಡಿ ಬಿದ್ದು ಸುಟ್ಟ ಸಣ್ಣ ಸಣ್ಣ ಕಲೆಗಳು. "ಫೋನಲ್ಲಿ ನೀನು ಹಾಬಿ ಅಂದಿದ್ದೆ," ಎಂದಳು ಇಂಗ್ಲಿಷಿನಲ್ಲಿ. ಆ ಮೇಲೆ ಆಫೀಸಿನ ಬಟ್ಟೆಯಲ್ಲೇ ನೆಲಕ್ಕೆ ಮಂಡಿಯೂರಿ ಕೆಳಗೆ ಇಣುಕಿ, ಇದು ಯಾಕೆ, ಅದು ಯಾಕೆ ಎಂದು ಕೇಳತೊಡಗಿದಳು. ಇಂದುಮತಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಕಮಾನು, ಪಟ್ಟಿ, ಅಚ್ಚು, ಹದ: ಮಗಳಿಗೆ ಎಂದೂ ಹೇಳುವ ಸಂದರ್ಭವೇ ಬಂದಿರದ ಶಬ್ದಗಳು. ಅನಘಾ ಒಂದೊಂದನ್ನೂ ತಿರುಗಿಸಿ ಹೇಳಿ ನೋಡಿದಳು.

ಪಾರ್ಕಿನಲ್ಲಿ ಮುನ್ನೂರಕ್ಕೂ ಹೆಚ್ಚು ಕಾರು. ಹೊಳೆಯುವ ಬಣ್ಣದವುಗಳ ನಡುವೆ ಇವರದು ಬರಿ ತಗಡು. ಜನ ಸುಮ್ಮನೆ ದಾಟಿ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬಿಳಿಗಡ್ಡದ ಒಬ್ಬಾತ ನಿಂತ, ಬಗ್ಗಿದ, ಟೋಪಿ ತೆಗೆದಿಟ್ಟು ಹುಲ್ಲಿನ ಮೇಲೆ ಅಂಗಾತ ಮಲಗಿ ಮೂತಿಯ ಕೆಳಗೆ ತಲೆ ತೂರಿಸಿದ. ಹತ್ತು ನಿಮಿಷ ಬೂಟು ಮಾತ್ರ ಕಾಣುತ್ತಿತ್ತು. ಎದ್ದು ಬಂದು ಮೋಹನರಾಜನನ್ನು ಕೇಳಿದ: "ಇದು ಯಾವ ಕಂಪನಿಯದು?"

ಮೋಹನರಾಜ ಹೆಂಡತಿಯ ಕಡೆ ಕೈ ತೋರಿಸಿದ. ಆತ ಇಂದುಮತಿಯನ್ನು ನೋಡಿದ, ಕಾರನ್ನು ನೋಡಿದ, ಮತ್ತೆ ಮಲಗಿ ಇನ್ನೊಂದು ಸಲ ನೋಡಿ ಬಂದ. ಅವನ ಹತ್ತಿರ 1934ರ ಪಿಕಪ್ ಇತ್ತಂತೆ. ಅದಕ್ಕೆ ಇಂಥದೇ ಒಂದು ಜೋಡಿ ಹೇರ್‌ಪಿನ್ನು ಮಾಡಿಕೊಡುವುದಾಗುತ್ತದೆಯೇ ಎಂದು ವಿನಯವಾಗಿ ಕೇಳಿದ.

"ಗಾಡಿ ನೆಲದ ಮೇಲೆ ನಿಂತಾಗ ಅಳತೆ ತೆಗೀಬೇಕು," ಎಂದಳು ಇಂದುಮತಿ. "ಸ್ಟ್ಯಾಂಡಿನ ಮೇಲೆ ಇದ್ದಾಗ ಅಲ್ಲ."

ಅದು ಎರಡು ವರ್ಷದ ಹಿಂದಿನ ಮಾತು. ಈಗ ಅವಳು ಆಫೀಸಿಗೆ ವಾರಕ್ಕೆ ಮೂರು ದಿನ ಹೋಗುತ್ತಾಳೆ. ಉಳಿದ ದಿನ ಗ್ಯಾರೇಜು. ಇದುವರೆಗೆ ಹತ್ತೊಂಬತ್ತು ಜೋಡಿ ಕೊಟ್ಟಿದ್ದಾಳೆ; ಪ್ರತಿ ಜೋಡಿಯ ಜೊತೆಗೂ ಕತ್ತರಿಸಿ ತೋರಿಸಿದ ಒಂದು ಬೆಸುಗೆಯ ತುಂಡು ಇರುತ್ತದೆ. ಕಾರಿಗೆ ಬಣ್ಣ ಇನ್ನೂ ಹಚ್ಚಿಲ್ಲ. ಹಿಂದಿನ ಕಮಾನು ಈಗಲೂ 1931ರದ್ದೇ, ಅದು ಅವಳ ಮನಸ್ಸಿಗೆ ಒಪ್ಪುವುದಿಲ್ಲ. ಕಳೆದ ಗುರುವಾರ ಹ್ಯೂಸ್ಟನ್ನಿಗೆ ಫೋನ್ ಮಾಡಿ, ಹಿಂದಿನದನ್ನೂ ಮಾಡಬೇಕು, ಈ ಸಲ ಪಟ್ಟಿಯ ಕಣ್ಣನ್ನೂ ನಾನೇ ಸುತ್ತುತ್ತೇನೆ ಎಂದಳು.



"ಹಾಗಾದರೆ ಏಳು ಗಂಟೆಗೇ ಬಾ," ಎಂದರು ಬೆನಿತೊ. "ಒಂದೇ ಸಲಕ್ಕೆ ಬರೋ ಕೆಲಸ ಅಲ್ಲ ಅದು."